ಹಡಗಿನಿಂದ ಇಳಿದವರು ಒಂದೇ ದಿನದಲ್ಲಿ ಮಂಗಳೂರನ್ನು ನೋಡುವುದು ಹೇಗೆ?
(ಚನ್ನರಾಯನದುರ್ಗದ ಓದುಗರ ಪ್ರಶ್ನೆ)

ನವಮಂಗಳೂರು ಬಂದರು ಪಣಂಬೂರಿನಲ್ಲಿದೆ. ಮಳೆಗಾಲ ಮುಗಿದ ಮೇಲೆ ಬರುವ ಪ್ರವಾಸಿ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಆದ್ದರಿಂದ ದೂರದ ಸ್ಥಳವನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ನೋಡುವುದು ಸರಿಯಾದ ಕ್ರಮ.

ಮೊದಲ ಸ್ಥಳ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆ. ಅಲ್ಲಿನ ಸಾವಿರ ಕಂಬದ ಬಸದಿ 1430ರದು. ಅದರ ಕಂಬಗಳ ಕೆತ್ತನೆಯನ್ನು ನಿಧಾನವಾಗಿ ನೋಡಬೇಕು. ನಗರಕ್ಕೆ ಮರಳಿದ ಮೇಲೆ ನೀರುದೋಸೆ, ಮೀನುಸಾರಿನ ಊಟ. ಅನಂತರ ಸಂತ ಅಲೋಶಿಯಸ್ ಚಾಪೆಲ್. ಅದರ ಗೋಡೆ, ಛಾವಣಿಗಳಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ. ಕೊನೆಗೆ ಕದ್ರಿ ಮಂಜುನಾಥ ದೇವಾಲಯ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ 968ರದು.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಎರಡು ಗಂಟೆ ಮುಂಚೆಯೇ ಬಂದರು ಸೇರುವುದು ಕ್ಷೇಮ.