ಸ್ತನ ಶಸ್ತ್ರಚಿಕಿತ್ಸೆಯ ನೋವು ಮತ್ತು ನರತಡೆಗಳು: ಒಂದು ತೌಲನಿಕ ವಿವೇಚನೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನೋವು ಹೊಲಿಗೆ ಬಿಚ್ಚುವುದರೊಂದಿಗೆ ಮುಗಿಯುವುದೆಂಬ ಭರವಸೆಯಿಲ್ಲ. ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದ ಸಂದರ್ಭಗಳಲ್ಲಿ ತೋಳಿನ ಒಳಬದಿಯ ಉರಿ, ಜೋಮು ತಿಂಗಳುಗಟ್ಟಲೆ ಉಳಿಯುವುದುಂಟು. ಮೊದಲ ದಿನಗಳ ನೋವು ತೀವ್ರವಾಗಿದ್ದವರಲ್ಲಿ ಇಂತಹ ದೀರ್ಘಕಾಲದ ನೋವು ಹೆಚ್ಚಾಗಿ ಕಂಡುಬರುತ್ತದೆ. ಮಾರ್ಫೀನ್ ನೋವನ್ನು ತಗ್ಗಿಸುತ್ತದೆ. ವಾಕರಿಕೆ, ಮಂಪರುಗಳನ್ನೂ ತರುತ್ತದೆ. ನೋವಿನ ಸಂದೇಶವನ್ನು ನರದಲ್ಲಿಯೇ ತಡೆಯುವ ‘ನರ್ವ್ ಬ್ಲಾಕ್’ ಅಥವಾ ನರತಡೆಗೆ ಮಹತ್ವ ಬಂದಿರುವುದು ಈ ಕಾರಣದಿಂದ.

ಯಾವ ನರತಡೆ ಮೇಲು ಎಂಬ ಪ್ರಶ್ನೆಯನ್ನು ಅಂಗರಚನೆಯಿಂದಲೇ ಆರಂಭಿಸಬೇಕಾಗುತ್ತದೆ. ಸ್ತನದ ಸಂವೇದನೆಯನ್ನು ಒಯ್ಯುವವು ಮುಖ್ಯವಾಗಿ ಎರಡರಿಂದ ಆರನೆಯವರೆಗಿನ ಪಕ್ಕೆಲುಬು ನರಗಳು. ಅದರ ಅಡಿಯಲ್ಲಿರುವ ಎದೆಸ್ನಾಯುಗಳ ನರಗಳಾದರೋ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಜಾಲದಿಂದ ಕವಲೊಡೆದವು. ಮೂಲಗಳು ಎರಡಾದ್ದರಿಂದ ಒಂದೇ ತಡೆ ಎರಡನ್ನೂ ಪೂರ್ಣವಾಗಿ ಆವರಿಸುವುದು ಕಷ್ಟ.

ಇವುಗಳಲ್ಲಿ ಹಳೆಯದು ಪ್ಯಾರಾವರ್ಟಿಬ್ರಲ್ ತಡೆ. ಜರ್ಮನಿಯ ಹ್ಯೂಗೊ ಸೆಲ್‌ಹೈಮ್ 1905ರಲ್ಲಿ ರೂಪಿಸಿದ ಈ ವಿಧಾನ ಬಹುಕಾಲ ಮರೆಯಲ್ಲಿದ್ದು, 1979ರಲ್ಲಿ ಈಸನ್ ಮತ್ತು ವ್ಯಾಟ್ ಅವರಿಂದ ಪುನರುಜ್ಜೀವನ ಪಡೆಯಿತು. ನರವು ಬೆನ್ನುಮೂಳೆಯಿಂದ ಹೊರಬರುವ ಸ್ಥಳದಲ್ಲಿಯೇ ಔಷಧ ಹರಡುವುದರಿಂದ ಪಕ್ಕೆಲುಬು ನರದ ಎಲ್ಲ ಶಾಖೆಗಳೂ ಮರಗಟ್ಟುತ್ತವೆ. ಎದೆಸ್ನಾಯುವಿನ ನರಗಳು ಮಾತ್ರ ಇದರ ವ್ಯಾಪ್ತಿಗೆ ಸಿಗುವುದಿಲ್ಲ. ಸೂಜಿಯ ತುದಿ ಶ್ವಾಸಕೋಶದ ಹೊದಿಕೆಗೆ ಅತಿ ಸಮೀಪವಿರುವುದರಿಂದ, ಅಪರೂಪಕ್ಕಾದರೂ, ಎದೆಗೂಡಿನೊಳಗೆ ಗಾಳಿ ಸೇರುವ ಅಪಾಯವಿದೆ.

ಅಲ್ಟ್ರಾಸೌಂಡಿನ ನೆರವು ದೊರೆತ ಮೇಲೆ ರಫೇಲ್ ಬ್ಲಾಂಕೊ 2011ರಲ್ಲಿ ಪೆಕ್ಸ್ ತಡೆಯನ್ನು ವಿವರಿಸಿದರು. ಎರಡು ಎದೆಸ್ನಾಯುಗಳ ನಡುವೆ ಔಷಧ ಬಿಡುವುದು ಇದರ ಕ್ರಮ. 2012ರ ಎರಡನೆಯ ರೂಪದಲ್ಲಿ ಕಿರಿಯ ಎದೆಸ್ನಾಯುವಿನ ಕೆಳಗೂ ಔಷಧ ಸೇರಿ, ಪಕ್ಕೆಲುಬು ನರಗಳ ಪಾರ್ಶ್ವಶಾಖೆಗಳೂ ಕಂಕುಳೂ ವ್ಯಾಪ್ತಿಗೆ ಬಂದವು. ಎದೆಮೂಳೆಯ ಬದಿಯಿಂದ ಮೇಲೆ ಬರುವ ಶಾಖೆಗಳನ್ನು ಇದು ಸರಿಯಾಗಿ ಮುಟ್ಟದು. ಗಡ್ಡೆ ಸ್ತನದ ಒಳಬದಿಯಲ್ಲಿದ್ದರೆ ಈ ಕೊರತೆ ಸಣ್ಣದಲ್ಲ. 2016ರಲ್ಲಿ ಬಂದ ಇರೆಕ್ಟರ್ ಸ್ಪೈನೀ ತಡೆ ಮಾಡಲು ಸುಲಭ, ಸೂಜಿಯೂ ಶ್ವಾಸಕೋಶದಿಂದ ದೂರ. ಆದರೆ ಔಷಧ ಮುಂದಕ್ಕೆ ಹರಿದು ನರವನ್ನು ತಲಪುವುದು ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಸುಲಭವೆಂಬ ಒಂದೇ ಕಾರಣಕ್ಕೆ ಇದನ್ನು ಮೊದಲ ಸಾಲಿಗೆ ತರುವುದು ಉಚಿತವೆನಿಸದು.

ಪೆಕ್ಸ್‌ನ ಎರಡನೆಯ ರೂಪ ಮೊದಲ ದಿನದ ನೋವುಶಮನದಲ್ಲಿ ಪ್ಯಾರಾವರ್ಟಿಬ್ರಲ್ ತಡೆಗೆ ಬಹುಮಟ್ಟಿಗೆ ಸಮನೆಂದು ತೌಲನಿಕ ಅಧ್ಯಯನಗಳು ತೋರಿಸಿವೆ. 2020ರ ಪ್ರಾಸ್ಪೆಕ್ಟ್ ಮಾರ್ಗಸೂಚಿ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಪ್ಯಾರಾವರ್ಟಿಬ್ರಲ್ ತಡೆಯನ್ನು ಮೊದಲ ಆಯ್ಕೆಯಾಗಿಯೂ ಪೆಕ್ಸ್ ಅನ್ನು ಪರ್ಯಾಯವಾಗಿಯೂ ಸೂಚಿಸಿತು. ಪ್ಯಾರಾಸಿಟಮಾಲ್‌ನಂತಹ ಸಾಮಾನ್ಯ ಔಷಧಗಳನ್ನು ಕೈಬಿಡಬಾರದೆಂದೂ ಹೇಳಿತು.

ನರತಡೆಯಿಂದ ಇದಕ್ಕೂ ದೊಡ್ಡದನ್ನು ನಿರೀಕ್ಷಿಸಿದ್ದುಂಟು. 129 ರೋಗಿಗಳ ದಾಖಲೆಗಳನ್ನು ಹಿಂದಿರುಗಿ ನೋಡಿದ 2006ರ ಒಂದು ವಿಶ್ಲೇಷಣೆ, ಪ್ಯಾರಾವರ್ಟಿಬ್ರಲ್ ತಡೆ ಪಡೆದವರಲ್ಲಿ ಕ್ಯಾನ್ಸರ್ ಮರುಕಳಿಕೆ ಕಡಿಮೆಯೆಂದು ಸೂಚಿಸಿತ್ತು. 2,108 ಸ್ತ್ರೀಯರನ್ನೊಳಗೊಂಡು 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ನಿಲ್ಲಲಿಲ್ಲ: ಎರಡೂ ಗುಂಪುಗಳಲ್ಲಿ ಮರುಕಳಿಕೆ ಶೇ. 10ರಷ್ಟೇ ಇತ್ತು. ಒಂದು ವರ್ಷದ ಬಳಿಕವೂ ಗಾಯದ ನೋವಿದೆಯೆಂದವರು ನರತಡೆ ಪಡೆದವರಲ್ಲಿ ಶೇ. 28, ಪಡೆಯದವರಲ್ಲಿ ಶೇ. 27.