ಕಾರು ವಿಮೆ: ಅರ್ಜಿಯಲ್ಲಿ ಒಂದು, ಲೆಕ್ಕಪುಸ್ತಕದಲ್ಲಿ ಇನ್ನೊಂದು

ಕಾರಿನ ವಿಮೆಯನ್ನು ನವೀಕರಿಸುವುದು ಬಹುತೇಕ ವ್ಯಾಪಾರಸ್ಥರ ಪಾಲಿಗೆ ಐದು ನಿಮಿಷದ ಕೆಲಸ. ಏಜೆಂಟರು ನೆನಪಿಸುತ್ತಾರೆ, ಗುಮಾಸ್ತರು ಹಳೆಯ ಪಾಲಿಸಿಯ ಪ್ರತಿಯನ್ನು ಕಳುಹಿಸುತ್ತಾರೆ, ಮಾಲೀಕರು ಹಣ ಪಾವತಿಸುತ್ತಾರೆ. ಪ್ರಪೋಸಲ್ ಫಾರಂ ಎಂಬುದೊಂದಿದೆ, ಮಾಲೀಕರ ವೃತ್ತಿ ಯಾವುದು, ವಾಹನವನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತದೆ, ಸಂಬಳದ ಚಾಲಕನಿದ್ದಾನೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ, ಆ ಉತ್ತರಗಳಿಗೆ ತಾವೇ ಹೊಣೆ ಎಂಬ ಸಂಗತಿ ಅನೇಕರ ಗಮನಕ್ಕೆ ಬರುವುದು ಅಪಘಾತವಾಗಿ ಸರ್ವೇಯರು ಬಂದು ನಿಂತಾಗಲೇ.

ವಿಮೆಯು ಪರಮ ವಿಶ್ವಾಸದ ಕರಾರು. ಸಾಮಾನ್ಯ ಖರೀದಿಯಲ್ಲಿ ಕೊಳ್ಳುವವನು ಸರಕನ್ನು ಪರೀಕ್ಷಿಸಿ ಕೊಳ್ಳಬೇಕು. ವಿಮೆಯಲ್ಲಾದರೋ ಅಪಾಯದ ಸ್ವರೂಪ ಗೊತ್ತಿರುವುದು ವಿಮೆ ಮಾಡಿಸುವವನಿಗೆ ಮಾತ್ರ. ಆದ್ದರಿಂದಲೇ ಅಪಾಯವನ್ನು ಅಳೆಯಲು ಅಗತ್ಯವಾದ ಸಂಗತಿಗಳನ್ನು ಮರೆಮಾಚದೆ ತಿಳಿಸಬೇಕಾದ ಹೊಣೆಯನ್ನು ಕಾನೂನು ಅವನ ಮೇಲೆ ಹೊರಿಸಿದೆ. ಫಾರಂ ತುಂಬಿದವರು ಏಜೆಂಟರೇ ಆಗಿದ್ದರೂ ಸಹಿ ಮಾಲೀಕರದು.

ಮೊದಲು ವೃತ್ತಿಯ ವಿಷಯ. 2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ಟ್ಯಾರಿಫ್‌ನಲ್ಲಿ ಖಾಸಗಿ ಕಾರಿನ ಪ್ರೀಮಿಯಂ ಎಂಜಿನ್ನಿನ ಸಿ.ಸಿ., ವಾಹನದ ವಯಸ್ಸು, ಮೌಲ್ಯ ಮತ್ತು ನೋಂದಣಿಯಾದ ವಲಯವನ್ನು ಅವಲಂಬಿಸಿತ್ತು. ಬೆಂಗಳೂರು ಎ ವಲಯದಲ್ಲಿದ್ದರೆ ರಾಜ್ಯದ ಉಳಿದೆಲ್ಲ ಊರುಗಳು ಬಿ ವಲಯದಲ್ಲಿದ್ದವು. ಮಾಲೀಕರು ಮೇಷ್ಟರೋ ಮಂಡಿ ವರ್ತಕರೋ ಎಂಬುದು ದರವನ್ನು ಬದಲಿಸುತ್ತಿರಲಿಲ್ಲ. 2007ರ ಜನವರಿ 1ರಿಂದ ಸ್ವಂತ ಹಾನಿಯ ಭಾಗದ ದರಗಳು ಮುಕ್ತವಾದವು. ವೃತ್ತಿಯನ್ನೂ ಗಣನೆಗೆ ತೆಗೆದುಕೊಂಡು ರಿಯಾಯಿತಿ ನೀಡುವ ಸ್ವಾತಂತ್ರ್ಯ ಕಂಪನಿಗಳಿಗೆ ದೊರೆಯಿತು. ಹೀಗೆ ರಿಯಾಯಿತಿ ಇರುವಲ್ಲಿ ಅಂಗಡಿಯ ಮಾಲೀಕರು ತಮ್ಮನ್ನು ಸಂಬಳದಾರರೆಂದು ಬರೆಸಿಕೊಂಡರೆ ಉಳಿಯುವುದು ಕೆಲವು ನೂರು ರೂಪಾಯಿ. ಆದರೆ ಅದೇ ಮಾಲೀಕರ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ವ್ಯಾಪಾರದ ಆದಾಯ, ಕಾರಿನ ಮೇಲೆ ಶೇ. 15ರ ಸವಕಳಿ, ವಿಮೆಯ ಪ್ರೀಮಿಯಂ ಸಹ ವ್ಯಾಪಾರದ ಖರ್ಚು ಎಂದು ದಾಖಲಾಗಿರುತ್ತದೆ. ಎರಡು ಕಾಗದಗಳು ಎದುರುಬದುರಾದರೆ ಯಾವುದು ಸುಳ್ಳೆಂದು ಹೇಳಲು ಪತ್ತೇದಾರರು ಬೇಕಾಗುವುದಿಲ್ಲ.

ವೃತ್ತಿಯ ಕಾಲಂ ನಿಜಕ್ಕೂ ಭಾರವಾಗುವುದು ಬ್ರಿಟನ್ನಿನಲ್ಲಿ. ಅಲ್ಲಿ ಉದ್ಯೋಗಿಯೋ, ಸ್ವಂತ ಉದ್ಯೋಗಿಯೋ, ನಿರುದ್ಯೋಗಿಯೋ ಎಂಬುದರ ಮೇಲೆ ಪ್ರೀಮಿಯಂ ಏರಿಳಿಯುತ್ತದೆ. 2013ರ ಏಪ್ರಿಲ್‌ನಿಂದ ಅಲ್ಲಿ ಜಾರಿಯಲ್ಲಿರುವ ಕಾನೂನು ಉದ್ದೇಶಪೂರ್ವಕ ಸುಳ್ಳನ್ನೂ ಅಜಾಗರೂಕತೆಯ ತಪ್ಪನ್ನೂ ಬೇರ್ಪಡಿಸುತ್ತದೆ. ಬೇಕೆಂದೇ ಸುಳ್ಳು ಹೇಳಿದವನಿಗೆ ಕ್ಲೇಮು ಇಲ್ಲ. ಅಜಾಗರೂಕತೆಯಿಂದ ತಪ್ಪಿದವನು 800 ಪೌಂಡು ಕಟ್ಟಬೇಕಾದಲ್ಲಿ 600 ಕಟ್ಟಿದ್ದರೆ ಕ್ಲೇಮಿನ ಮುಕ್ಕಾಲು ಭಾಗ ಮಾತ್ರ ದೊರೆಯಬಹುದು. ಅಲ್ಲಿ ನೆಲೆಸಿರುವ ಮಕ್ಕಳಿಗೆ ಈ ಮಾತನ್ನು ತಿಳಿಸಿದರೆ ತಪ್ಪಿಲ್ಲ.

ಬಿಳಿ ಬೋರ್ಡಿನಲ್ಲಿ ಸರಕು

ನಮ್ಮ ನಾಡಿನ ವರ್ತಕರು ಎಡವುವುದು ಹೆಚ್ಚಾಗಿ ಬಳಕೆಯ ಕಾಲಂನಲ್ಲಿ. ಖಾಸಗಿ ಕಾರಿನ ಪಾಲಿಸಿಯು ಮಾಲೀಕರು ವ್ಯಾಪಾರದ ನಿಮಿತ್ತ ಓಡಾಡುವುದನ್ನು ನಿಷೇಧಿಸುವುದಿಲ್ಲ. ವಸೂಲಿಗೆ ಹೋಗಬಹುದು, ಬ್ಯಾಂಕಿಗೆ ಹೋಗಬಹುದು, ಸ್ಯಾಂಪಲ್ ಹಿಡಿದು ಗಿರಾಕಿಯ ಬಳಿಗೂ ಹೋಗಬಹುದು. ಅದು ನಿಷೇಧಿಸುವುದು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದನ್ನು, ಸ್ಯಾಂಪಲ್ ಮತ್ತು ವೈಯಕ್ತಿಕ ಸಾಮಾನು ಹೊರತುಪಡಿಸಿ ಬೇರೆ ಸರಕು ಸಾಗಿಸುವುದನ್ನು, ರೇಸುಗಳನ್ನು, ಹಾಗೂ ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆಯನ್ನು. ಕೊನೆಯದನ್ನು ಗ್ಯಾರೇಜು ಮತ್ತು ಹಳೆಯ ಕಾರುಗಳ ವ್ಯವಹಾರದವರು ಎರಡು ಬಾರಿ ಓದಿಕೊಳ್ಳುವುದು ಒಳ್ಳೆಯದು.

ಉದಾಹರಣೆಗೆ, ದಾವಣಗೆರೆಯ ಜವಳಿ ವರ್ತಕರೊಬ್ಬರು ಬೆಂಗಳೂರಿನ ಚಿಕ್ಕಪೇಟೆಯಿಂದ 3 ಲಕ್ಷ ರೂಪಾಯಿ ಬೆಲೆಯ ಬಟ್ಟೆಯ ಬಂಡಲುಗಳನ್ನು ಬಿಳಿ ಬೋರ್ಡಿನ ತಮ್ಮ ವ್ಯಾನಿನ ಹಿಂದಿನ ಸೀಟು ಮಡಚಿ ತುಂಬಿಕೊಂಡು ಬರುತ್ತಿದ್ದಾರೆ ಎಂದು ಭಾವಿಸಬಹುದು. ಚಿತ್ರದುರ್ಗದ ಬಳಿ ಅಪಘಾತವಾಗಿ ದುರಸ್ತಿಗೆ 2,40,000 ರೂಪಾಯಿ ಎಂದು ಅಂದಾಜಾಯಿತು. ಬಂಡಲುಗಳನ್ನು ಬೇರೆ ಗಾಡಿಗೆ ವರ್ಗಾಯಿಸಿ ಸರ್ವೇಯರಿಗೆ ಖಾಲಿ ವ್ಯಾನು ತೋರಿಸಿದರಾಯಿತು ಎಂದು ಸಲಹೆ ಕೊಡುವವರು ಊರಿಗೆ ನಾಲ್ವರಿದ್ದಾರೆ. ಅವರು ಮರೆಯುವುದು ಇ-ವೇ ಬಿಲ್ಲನ್ನು. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಇ-ವೇ ಬಿಲ್ ಜಾರಿಗೊಳಿಸಿದ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಸರಕಿಗೆ ಅದರ ಬಿ ಭಾಗದಲ್ಲಿ ವಾಹನದ ಸಂಖ್ಯೆಯನ್ನು ವರ್ತಕರೇ ನಮೂದಿಸಿರುತ್ತಾರೆ. ತೆರಿಗೆ ಇಲಾಖೆಗೆ ನಿಜ ಹೇಳಿದವರು ವಿಮಾ ಕಂಪನಿಗೆ ಸುಳ್ಳು ಹೇಳಿದಂತಾಯಿತು. ಇ-ವೇ ಬಿಲ್ಲನ್ನೇ ತೆಗೆಯದಿದ್ದರೆ ಅದು ಇನ್ನೂ ದೊಡ್ಡ ತಾಪತ್ರಯ.

ಇಂತಹ ಕ್ಲೇಮುಗಳು ಪೂರ್ಣವಾಗಿ ಮುಳುಗಲೇಬೇಕೆಂದಿಲ್ಲ. ಖಾಸಗಿ ವಾಹನವನ್ನು ಟ್ಯಾಕ್ಸಿಯಾಗಿ ಬಳಸುತ್ತಿದ್ದಾಗ ಅದು ಕಳುವಾದ ಪ್ರಕರಣವೊಂದರಲ್ಲಿ 2008ರಲ್ಲಿ, ಬಾಡಿಗೆಗೆ ಕೊಟ್ಟ ಖಾಸಗಿ ಕಾರು ಅಪಘಾತಕ್ಕೀಡಾದ ಮತ್ತೊಂದರಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಗಳು ಕ್ಲೇಮನ್ನು ಸಂಪೂರ್ಣ ತಿರಸ್ಕರಿಸುವುದನ್ನು ಒಪ್ಪಲಿಲ್ಲ. ಬಳಕೆಯ ಷರತ್ತು ಮುರಿದ ಸಂದರ್ಭದಲ್ಲಿ ಸ್ವೀಕಾರಾರ್ಹ ಮೊತ್ತದ ಶೇ. 75ರ ತನಕ ನೀಡಬಹುದೆಂಬ ಮಾರ್ಗಸೂಚಿ ಆ ತೀರ್ಪುಗಳ ಹಿನ್ನೆಲೆಯಲ್ಲಿದೆ. ದಾವಣಗೆರೆಯ ವರ್ತಕರಿಗೆ ಇದರಂತೆ ದೊರೆತರೂ 60,000 ರೂಪಾಯಿ ಕೈಯಿಂದ ಹೋಗುತ್ತದೆ, ಗ್ರಾಹಕರ ಆಯೋಗಕ್ಕೆ ಅಲೆದ ದಿನಗಳು ಬೇರೆ. ಬಂಡಲುಗಳ ನಷ್ಟವಂತೂ ಮೋಟಾರು ಪಾಲಿಸಿಯ ವ್ಯಾಪ್ತಿಯಲ್ಲೇ ಇಲ್ಲ; ಅದಕ್ಕೆ ಸರಕು ಸಾಗಣೆಯ ಪ್ರತ್ಯೇಕ ವಿಮೆ ಬೇಕು.

ಅದೇ ವ್ಯಾನಿನಲ್ಲಿ ಪಕ್ಕದ ಅಂಗಡಿಯವರ ಎರಡು ಬಂಡಲನ್ನೂ ಹಾಕಿಕೊಂಡು ಡೀಸೆಲ್ಲಿಗೆಂದು ಒಂದಿಷ್ಟು ಹಣ ಪಡೆದಿದ್ದರೆ ಪ್ರಶ್ನೆ ಇನ್ನಷ್ಟು ಗಂಭೀರ. ಅದು ಸ್ನೇಹವೆಂದು ವರ್ತಕರು ಹೇಳಬಹುದು. ಪ್ರತಿಫಲವೆಂದು ಕಂಪನಿ ವಾದಿಸುತ್ತದೆ. ಪರವಾನಗಿಯಿಲ್ಲದೆ ಬಾಡಿಗೆಗೆ ಓಡಿಸಿದ್ದು ಹಾಗೂ ಮುಖ್ಯ ಸಂಗತಿಯಲ್ಲಿ ಸುಳ್ಳು ಹೇಳಿ ಪಾಲಿಸಿ ಪಡೆದದ್ದು, ಎರಡೂ ಮೋಟಾರು ವಾಹನ ಕಾಯ್ದೆಯು ವಿಮಾ ಕಂಪನಿಗೆ ಒದಗಿಸಿರುವ ರಕ್ಷಣೆಗಳು. ಗಾಯಾಳುವಿಗೆ ಕಂಪನಿಯೇ ಮೊದಲು ಪರಿಹಾರ ಕೊಟ್ಟು ನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆದೇಶಿಸುವುದುಂಟು. 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಈ ಕ್ರಮಕ್ಕೆ ಬಲ ನೀಡಿದೆ. ದುಡಿಯುವ ವ್ಯಕ್ತಿಯ ಸಾವಿನ ಪ್ರಕರಣದಲ್ಲಿ ಪರಿಹಾರದ ಮೊತ್ತ ಹಲವು ಲಕ್ಷಗಳನ್ನು ಮುಟ್ಟುತ್ತದೆ. ಒಂದು ಸಣ್ಣ ಅಂಗಡಿಯ ಬಂಡವಾಳವೇ ಅಷ್ಟಿರುವುದಿಲ್ಲ.

ಚಾಲಕ, ಕೆಲಸಗಾರ, ಪಾಲುದಾರ

ಸಂಬಳದ ಚಾಲಕನನ್ನು ಇಟ್ಟುಕೊಂಡಿದ್ದರೂ “ಸ್ವತಃ ಓಡಿಸುತ್ತೇನೆ” ಎಂದು ಬರೆಯುವುದು ಇನ್ನೊಂದು ರೂಢಿ. ಚಾಲಕನ ಬಗೆಗಿನ ಹೊಣೆಯನ್ನು ಪಾಲಿಸಿಗೆ ಸೇರಿಸಲು ತಗಲುವುದು ಅಲ್ಪ ಮೊತ್ತ. ಅಂಗಡಿಯ ಅಥವಾ ಕಾರ್ಖಾನೆಯ ಕೆಲಸಗಾರರನ್ನು ಮಾಲೀಕರ ಕಾರಿನಲ್ಲಿ ಕರೆದೊಯ್ಯುವ ರೂಢಿಯಿದ್ದರೆ ಅವರಿಗೂ ಪ್ರತ್ಯೇಕ ಹಿಂಬರಹ ಲಭ್ಯವಿದೆ. ಇದನ್ನು ಕೇಳಿ ಪಡೆಯುವವರು ವಿರಳ.

ಕಾರು ಯಾರ ಹೆಸರಿನಲ್ಲಿದೆ ಎಂಬುದೂ ಗಮನಿಸತಕ್ಕ ವಿಷಯ. ಮಾಲೀಕರು ತಾವೇ ಚಾಲಕರಾಗಿದ್ದಾಗ ಅವರಿಗೆ ದೊರೆಯುವ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಆದರೆ ಕಾರು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಈ ರಕ್ಷಣೆ ಇಲ್ಲ. ತೆರಿಗೆಯ ಅನುಕೂಲಕ್ಕೆಂದು ಕಾರನ್ನು ಸಂಸ್ಥೆಗೆ ವರ್ಗಾಯಿಸಿ, ಅದನ್ನು ತಾವೇ ಓಡಿಸುವ ಪಾಲುದಾರರು ಬೇರೆಯೇ ಅಪಘಾತ ಪಾಲಿಸಿ ಕೊಳ್ಳಬೇಕು. ಅಲ್ಲಿ ವೃತ್ತಿಯ ಕಾಲಂ ನೇರವಾಗಿ ದರವನ್ನು ನಿರ್ಧರಿಸುತ್ತದೆ. ಲೆಕ್ಕಿಗರು, ವಕೀಲರು, ಆಡಳಿತದ ಕೆಲಸದವರು ಮೊದಲನೆಯ ವರ್ಗ. ಯಂತ್ರದ ಮೇಲೆ ಕೈಯಿಟ್ಟು ದುಡಿಯುವವರು ಎರಡನೆಯ ವರ್ಗ. ಪೀಣ್ಯದಲ್ಲೋ ಮಚ್ಚೆಯಲ್ಲೋ ಸಣ್ಣ ಘಟಕ ನಡೆಸುತ್ತ ಅರ್ಧ ದಿನ ತಾವೇ ಲೇತ್ ಮುಂದೆ ನಿಲ್ಲುವ ಉದ್ಯಮಿ, ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜಿಂಗ್ ಪಾರ್ಟ್‌ನರ್ ಎಂದಿರುವ ಕಾರಣಕ್ಕೆ ಮೊದಲನೆಯ ವರ್ಗವನ್ನು ಬರೆದರೆ, ಬೆರಳು ಕಳೆದುಕೊಂಡ ದಿನ ಆಸ್ಪತ್ರೆಯ ಟಿಪ್ಪಣಿಯೇ ಅದನ್ನು ಅಲ್ಲಗಳೆಯುತ್ತದೆ.

ಸುಳ್ಳಿಗೆ ಪ್ರೇರಣೆ ಏನೆಂಬುದು ಗುಟ್ಟಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿ.ಸಿ. ಕಾರಿನ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ. 7,500 ಕಿಲೋ ಮೀರದ ನಾಲ್ಕು ಚಕ್ರದ ಸರಕು ವಾಹನಕ್ಕೆ 16,049 ರೂಪಾಯಿ. ವ್ಯತ್ಯಾಸ ತಿಂಗಳಿಗೆ ಸುಮಾರು 1,050 ರೂಪಾಯಿ. ವಾರಕ್ಕೆರಡು ಬಾರಿ ಸರಕು ತರುವವರಿಗೆ ಛೋಟಾ ಹಾಥಿಯಂತಹ ಸಣ್ಣ ಗಾಡಿ ಈ ಹೊರೆಯನ್ನು ತಾನೇ ಹೊರುತ್ತದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟಿನ ಅಗತ್ಯವೂ ಇಲ್ಲ. ಅಪರೂಪಕ್ಕೆ ತರುವವರಿಗೆ ಲಾರಿ ಕಚೇರಿಯ ಬಾಡಿಗೆಯೇ ಅಗ್ಗ.

ಈಗಾಗಲೇ ತಪ್ಪು ಬರೆದಿರುವವರು ನವೀಕರಣದ ತನಕ ಕಾಯಬೇಕಾಗಿಲ್ಲ. ಸರಿಯಾದ ವಿವರವನ್ನು ಪತ್ರದ ಮೂಲಕ ಕಂಪನಿಗೆ ತಿಳಿಸಿ, ಅಗತ್ಯವಾದ ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಪಾಲಿಸಿಯ ಮೇಲೆ ಹಿಂಬರಹ ಮಾಡಿಸಿಕೊಳ್ಳಬಹುದು. ಪತ್ರಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಕಂಪನಿಯ ಕಡತದಲ್ಲಿರುವ ಪ್ರಪೋಸಲ್ ಫಾರಂನ ಪ್ರತಿಯನ್ನು ಕೇಳುವುದು ಪಾಲಿಸಿದಾರರ ಹಕ್ಕು, ಅದನ್ನು ಆರ್.ಸಿ. ಪುಸ್ತಕ ಮತ್ತು ಕಳೆದ ವರ್ಷದ ಸವಕಳಿ ಪಟ್ಟಿಯ ಪಕ್ಕದಲ್ಲಿಟ್ಟು ಒಮ್ಮೆ ಓದಿ ನೋಡಲು ಅರ್ಧ ಗಂಟೆ ಸಾಕು.