ಕೋಳಿಮಾಂಸಕ್ಕೆ ಸಸ್ಯಸಾರದ ಲೇಪ

ಉಪ್ಪಿನಕಾಯಿಯ ಭರಣಿಯಲ್ಲಿ ಎಣ್ಣೆಯ ಪದರವನ್ನು ನಿಲ್ಲಿಸುವ ಗೃಹಿಣಿಯೂ, ಹಸಿ ಮೀನಿಗೆ ಉಪ್ಪು ಅರಿಸಿನಗಳನ್ನು ಸವರಿಡುವ ಕರಾವಳಿಯವರೂ ಬಹುಕಾಲದಿಂದ ಅನುಸರಿಸುತ್ತ ಬಂದಿರುವ ತತ್ತ್ವ ಒಂದೇ. ಆಹಾರವನ್ನು ಹೊರಗಿನ ಗಾಳಿಯಿಂದಲೂ ಜೀವಾಣುಗಳಿಂದಲೂ ಮರೆಮಾಡುವುದು, ಸಾಧ್ಯವಾದರೆ ಆ ಮರೆಯಲ್ಲಿಯೇ ರಕ್ಷಕಗುಣವನ್ನು ಬೆರೆಸುವುದು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಹಣ್ಣುಗಳಿಗೆಂದು ಮೇಣದ ಲೇಪವನ್ನು ರೂಪಿಸಿದುದೂ ಇದೇ ಮಾರ್ಗದಲ್ಲಿ. ಈಚೆಗೆ ಈ ವಿದ್ಯೆಯು ಶೈತ್ಯದಲ್ಲಿಟ್ಟು ಮಾರುವ ಕೋಳಿಮಾಂಸದ ಕಡೆಗೂ ತಿರುಗಿದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕಣ್ಣೆದುರಿಗೇ ಕೊಯ್ದ ಕೋಳಿಯನ್ನು ಕೊಂಡೊಯ್ಯುವ ವಾಡಿಕೆ ಇಂದಿಗೂ ಉಂಟು. ಅದರ ಪಕ್ಕದಲ್ಲಿಯೇ ತಂಪುಪೆಟ್ಟಿಗೆಯ ಪೊಟ್ಟಣವೂ ಬಂದು ನಿಂತಿದೆ. ಬೆಳಗ್ಗೆ ಲೋಕಲ್ ಗಾಡಿ ಹಿಡಿದು ರಾತ್ರಿ ಮರಳುವ ಸಂಸಾರಗಳಿಗೆ ಅದು ಅನುಕೂಲವಾದುದೇ. ಆದರೆ ಅದು ಎಷ್ಟು ದಿನ ತಾಳೀತು ಎಂಬ ಪ್ರಶ್ನೆ ಕೊಳ್ಳುವವನಿಗೂ ಮಾರುವವನಿಗೂ ಸಮಾನವಾದುದು. ಕೆಟ್ಟು ಎಸೆದ ಮಾಂಸದ ಬೆಲೆಯನ್ನು ಕೊನೆಗೆ ಕೆಡದ ಮಾಂಸವೇ ಹೊರಬೇಕಾಗುತ್ತದೆ.

ಕೋಳಿಮಾಂಸವು ಎರಡು ದಾರಿಗಳಿಂದ ಕೆಡುತ್ತದೆ. ಮೊದಲನೆಯದು ಜೀವಾಣುಗಳ ದಾರಿ. ೪ ಡಿಗ್ರಿ ಸೆಲ್ಸಿಯಸ್ಸಿನ ಚಳಿಯಲ್ಲಿ ಬಹುಪಾಲು ಜೀವಾಣುಗಳು ಮಂಕಾಗುತ್ತವೆ. ಸ್ಯೂಡೊಮೊನಾಸ್ ಕುಲದವು ಮಾತ್ರ, ಆಮ್ಲಜನಕ ದೊರೆತರೆ, ಅಲ್ಲಿಯೂ ವೃದ್ಧಿ ಹೊಂದುತ್ತವೆ. ಮೊದಲು ಮೇಲ್ಮೈಯ ಗ್ಲೂಕೋಸನ್ನು ಉಂಡು, ಅದು ತೀರಿದ ಮೇಲೆ ಅಮಿನೋ ಆಮ್ಲಗಳಿಗೆ ಕೈಯಿಕ್ಕುತ್ತವೆ. ದುರ್ಗಂಧವೂ ಲೋಳೆಯೂ ಹುಟ್ಟುವುದು ಆಗಲೇ. ಒಂದು ಗ್ರಾಮಿನಲ್ಲಿ ಅವುಗಳ ಸಂಖ್ಯೆ ಸುಮಾರು ೧ ಕೋಟಿಯನ್ನು ಮುಟ್ಟಿದಾಗ ಮೂಗಿಗೆ ಸುಳಿವು ಸಿಗುತ್ತದೆ. ಎರಡನೆಯದು ಕೊಬ್ಬಿನ ದಾರಿ. ಕುರಿ ದನಗಳ ಕೊಬ್ಬಿಗಿಂತ ಕೋಳಿಯ ಕೊಬ್ಬಿನಲ್ಲಿ ಅಪರ್ಯಾಪ್ತ ಮೇದಾಮ್ಲಗಳು ಹೆಚ್ಚಾಗಿರುವುದರಿಂದ ಆಮ್ಲಜನಕ ತಗುಲಿ ಅದು ಬೇಗನೆ ಕಮಟಾಗುತ್ತದೆ. ಗಾಳಿಯಾಡುವ ಪೊಟ್ಟಣದ ಹಸಿ ಮಾಂಸವು ಶೈತ್ಯದಲ್ಲಿದ್ದರೂ ಒಂದು ವಾರವನ್ನು ದಾಟುವುದು ವಿರಳ.

ಲೇಪವು ಈ ಎರಡು ದಾರಿಗಳಿಗೂ ಅಡ್ಡ ನಿಲ್ಲಬೇಕು. ಅದಕ್ಕೆ ಬಳಸುವ ಆಧಾರದ್ರವ್ಯಗಳಲ್ಲಿ ಕಡಲಪಾಚಿಯ ಆಲ್ಜಿನೇಟ್, ಒಡೆದ ಹಾಲಿನ ತಿಳಿನೀರಿನ ಪ್ರೋಟೀನು, ಸಿಗಡಿಯ ಚಿಪ್ಪಿನ ಕೈಟೊಸಾನ್ ಮುಖ್ಯವಾದುವು. ಚಿಪ್ಪಿನಲ್ಲಿರುವ ಸುಣ್ಣವನ್ನು ಆಮ್ಲದಿಂದಲೂ ಪ್ರೋಟೀನನ್ನು ಕ್ಷಾರದಿಂದಲೂ ಕಳೆದು, ಉಳಿದ ಕೈಟಿನ್ನನ್ನು ತೀಕ್ಷ್ಣ ಕ್ಷಾರದಲ್ಲಿ ಕಾಯಿಸಿದರೆ ಕೈಟೊಸಾನ್ ದೊರೆಯುತ್ತದೆ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿದಾಗ ಅದರ ಅಣುಗಳು ಧನವಿದ್ಯುದಂಶವನ್ನು ಧರಿಸುತ್ತವೆ. ಜೀವಾಣುಗಳ ಹೊರಮೈ ಋಣವಿದ್ಯುದಂಶವುಳ್ಳದ್ದು. ಆದುದರಿಂದ ಕೈಟೊಸಾನ್ ಅದಕ್ಕೆ ಅಂಟಿ, ಪೊರೆಯನ್ನು ಸಡಿಲಿಸಿ, ಒಳಗಿನ ಸಾರವು ಸೋರುವಂತೆ ಮಾಡುತ್ತದೆ. ಶೇಕಡಾ ೧ರಿಂದ ೨ರಷ್ಟು ದ್ರಾವಣದಲ್ಲಿ ಮಾಂಸವನ್ನು ಅದ್ದಿ, ಸೋರಿಸಿ, ತಂಪಿನಲ್ಲಿಟ್ಟರೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಉಳಿಯುತ್ತದೆ. ಮಾಂಸದೊಡನೆ ಬೇಯಿಸಿ ತಿನ್ನಬಹುದಾದುದು ಇದರ ವೈಶಿಷ್ಟ್ಯ. ಸಿಗಡಿ ಒಗ್ಗದವರಿಗಾಗಿ ಪೊಟ್ಟಣದ ಮೇಲೆ ಸೂಚನೆಯಿರುವುದು ಮಾತ್ರ ಅವಶ್ಯ.

ಸಸ್ಯಸಾರದ ಅಗತ್ಯವೇನೆಂಬುದಕ್ಕೆ ಉತ್ತರವು ವಾಶಿಯಿಂದ ಠಾಣೆ ಖಾಡಿಯ ಆಚೆ ದಡದಲ್ಲಿಯೇ ದೊರೆತಿದೆ. ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಎಸ್. ಆರ್. ಕನಟ್, ಆರ್. ಚಂದರ್, ಎ. ಶರ್ಮ ಇವರು ೨೦೦೮ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕೈಟೊಸಾನ್ ಜೀವಾಣುಗಳನ್ನು ಚೆನ್ನಾಗಿ ತಡೆದರೂ ಕಮಟುವಿಕೆಯನ್ನು ತಡೆಯುವುದರಲ್ಲಿ ದುರ್ಬಲ. ಪುದೀನದ ಸಾರವು ಕಮಟುವಿಕೆಯನ್ನು ತಡೆದರೂ ಜೀವಾಣುಗಳ ಮುಂದೆ ದುರ್ಬಲ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದೇ ವಿದ್ವಾಂಸರು ೨೦೧೦ರಲ್ಲಿ ದಾಳಿಂಬೆಯ ಸಿಪ್ಪೆಯ ಸಾರವನ್ನು ಕೋಳಿಮಾಂಸದ ತಿನಿಸುಗಳಲ್ಲಿ ಬೆರೆಸಿ ನೋಡಿದರು. ಶೈತ್ಯದಲ್ಲಿ ಅವುಗಳ ಬಾಳಿಕೆ ೨ರಿಂದ ೩ ವಾರಗಳಷ್ಟು ಹೆಚ್ಚಿತು. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಗಳ ಕಡೆ ಬೆಳೆಯುವ ಈ ಹಣ್ಣಿನ ಸಿಪ್ಪೆ, ರಸದ ಅಂಗಡಿಗಳಲ್ಲಿ ಕಸವಾಗಿ ಹೋಗುವಂಥದು. ಸೊಲ್ಲಾಪುರದಲ್ಲಿ ೨೦೦೫ರಿಂದ ದಾಳಿಂಬೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದಿದೆ. ಕಸವು ಕಾವಲುಗಾರನಾಗುವುದು ಸಂತೋಷದ ವಿಷಯವೇ. ಆದರೆ ತೋಟದಲ್ಲಿ ಸಿಂಪಡಿಸಿದ ವಿಷದ ಶೇಷವು ಮೊದಲು ಉಳಿಯುವುದೂ ಸಿಪ್ಪೆಯಲ್ಲಿಯೇ ಆದುದರಿಂದ, ಪರೀಕ್ಷಿಸದ ಸಿಪ್ಪೆಯು ಆಹಾರಕ್ಕೆ ಸಲ್ಲದು.

ಇದಕ್ಕಿಂತಲೂ ಗುರುತರವಾದ ಮಾತೊಂದು ಅದೇ ಪ್ರಯೋಗದಲ್ಲಿ ಅಡಗಿದೆ. ಸಿಪ್ಪೆಯ ಸಾರವು ಸ್ಟಫಿಲೊಕಾಕಸ್ ಆರಿಯಸ್, ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುಗಳನ್ನು ಶೇಕಡಾ ೦.೦೧ರಷ್ಟು ಪ್ರಮಾಣದಲ್ಲಿಯೇ ತಡೆಯಿತು, ಸ್ಯೂಡೊಮೊನಾಸನ್ನು ತಡೆಯಲು ಅದರ ಹತ್ತರಷ್ಟು ಬೇಕಾಯಿತು, ಇ. ಕೋಲಿ, ಸಾಲ್ಮೊನೆಲ್ಲಾಗಳ ಮೇಲೆ ಪರಿಣಾಮವನ್ನೇ ಬೀರಲಿಲ್ಲ. ದುರ್ಗಂಧ ಹುಟ್ಟಿಸುವ ಜೀವಾಣುಗಳು ಬೇರೆ, ರೋಗ ತರುವ ಜೀವಾಣುಗಳು ಬೇರೆ. ಮೂಗು ಮೊದಲನೆಯವನ್ನು ಮಾತ್ರ ಬಲ್ಲದು. ತಂಪು ತಪ್ಪಿದ ಸಾಮಾನ್ಯ ಮಾಂಸವು ಬೇಗನೆ ನಾರಿ ಮನೆಯವರನ್ನು ಎಚ್ಚರಿಸುತ್ತದೆ. ಲೇಪಿತ ಮಾಂಸವಾದರೋ ಹಾಗೆ ನಾರದೆಯೇ ರೋಗಾಣುಗಳನ್ನು ಬೆಳೆಸಿಕೊಂಡಿರಬಹುದು. ಲೇಪದ ಗುಣವೇ ಎಚ್ಚರಿಕೆಯ ಗಂಟೆಯನ್ನು ಮೌನಗೊಳಿಸುವ ಸಂಭವವುಂಟು.

ಆದುದರಿಂದ ಲೇಪವನ್ನು ಶೈತ್ಯಕ್ಕೆ ಬದಲಿಯೆಂದು ಎಣಿಸಲಾಗದು. ಅದು ಶೈತ್ಯದ ಸಹಾಯಕ ಮಾತ್ರ. ಕೊಯ್ದ ಸ್ಥಳದಿಂದ ಅಡುಗೆಮನೆಯವರೆಗೆ ೪ ಡಿಗ್ರಿಯನ್ನು ಮೀರದ ತಂಪು, ಪೊಟ್ಟಣದ ಮೇಲೆ ನಂಬಲರ್ಹವಾದ ದಿನಾಂಕ, ಮಾಂಸದ ಒಳಭಾಗವು ೭೪ ಡಿಗ್ರಿಗೆ ಏರುವಂತೆ ಬೇಯಿಸುವ ಎಚ್ಚರ, ಈ ಮೂರೂ ಇದ್ದಲ್ಲಿ ಲೇಪದಿಂದ ದೊರೆಯುವ ಕೆಲವು ದಿನಗಳು ನಿಜವಾದ ಲಾಭ. ಇವು ಇಲ್ಲದಲ್ಲಿ ಆ ದಿನಗಳು ತೀರಿಸಲು ಕಷ್ಟವಾದ ಸಾಲ.